ನಾಲ್ಕು ಇಂಚಿನ ಲೆಕ್ಕ

ಪುಟ್ಟ ಗೆಳೆಯರೇ, ನೀವು ಯಾವತ್ತಾದರೂ ಕೆರೆಯ ಮೇಲೆ ನಡೆದಿದ್ದೀರಾ? ಕೆರೆ ಏರಿಯ ಮೇಲಲ್ಲ, ಕೆರೆಯ ಮೇಲೆಯೇ! ಹೋದ ಚಳಿಗಾಲದಲ್ಲಿ ನಾನು ನಡೆದು ಬಂದೆ. ನಡೆದದ್ದಷ್ಟೇ ಅಲ್ಲ, ಕೆರೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತು, ಕಾಲ ಬುಡದಲ್ಲಿದ್ದ ತೂತಿನೊಳಗೆ ಗಾಳ ಬಿಟ್ಟು ಮೀನನ್ನೂ ಹಿಡಿದೆ. ಆದರೆ ಈ ವಾರ ನಾನು ಹೇಳಹೊರಟಿರುವುದು ಮೀನು ಸಿಕ್ಕ ದಿನದ ಕಥೆಗಿಂತ ಹೆಚ್ಚಾಗಿ, ಸಿಗದೆ ವಾಪಸ್ ಬಂದ ದಿನದ ಕಥೆ. ಅಜ್ಜ ಅಜ್ಜಿಯರೂ ಸ್ವಲ್ಪ ಹತ್ತಿರ ಬಂದು ಕೂರಿ. ಇದರಲ್ಲಿ ನಮ್ಮಂಥವರ ತಪ್ಪೂ ಒಂದಿದೆ.

ಮಗಳ ಸಂಸಾರ ಇರುವುದು ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಹೊರಭಾಗದಲ್ಲಿ. ಮಿನೆಸೋಟಕ್ಕೆ ‘ಹತ್ತು ಸಾವಿರ ಸರೋವರಗಳ ನಾಡು’ ಎಂಬ ಅಡ್ಡಹೆಸರಿದೆ. ಇದು ಹೊಗಳಿಕೆಯ ಮಾತು ಇರಬೇಕು ಅಂದುಕೊಂಡಿದ್ದೆ. ನಿಜವಾಗಿ ನೋಡಿದರೆ ಅದು ಕಡಿಮೆ ಲೆಕ್ಕವೇ. ಹತ್ತು ಎಕರೆ ಮೀರಿದ ಸರೋವರಗಳೇ ಅಲ್ಲಿ 11,842 ಇವೆ. ಚಳಿಗಾಲ ಬಂತೆಂದರೆ ಇವೆಲ್ಲ ಮೇಲುಗಡೆ ಹೆಪ್ಪುಗಟ್ಟುತ್ತವೆ.

ನಾನು ಹೋದದ್ದು ಡಿಸೆಂಬರಿನಲ್ಲಿ. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ದಾರಿಯ ಪಕ್ಕದ ಬಿಳಿಯ ಬಯಲಿನಲ್ಲಿ ಒಬ್ಬ ಮನುಷ್ಯ ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ. ಸುತ್ತ ಮನೆಯಿಲ್ಲ, ಮರವಿಲ್ಲ. ‘ಪಾಪ, ಯಾರೋ ದಾರಿ ತಪ್ಪಿದವರಿರಬೇಕು’ ಎಂದೆ. ಹಿಂದಿನ ಸೀಟಿನಲ್ಲಿದ್ದ ಹತ್ತು ವರ್ಷದ ಮೊಮ್ಮಗಳು ಪುಟ್ಟಿ ಬಿದ್ದು ಬಿದ್ದು ನಕ್ಕಳು. ‘ತಾತಾ, ಅದು ಬಯಲಲ್ಲ, ಲೇಕು! ಅವರು ಮೀನು ಹಿಡೀತಿದ್ದಾರೆ.’

ಮಂಜಿನ ಕೆಳಗೆ ಮೀನು ಬದುಕುವುದು ಹೇಗೆ?

ನನಗೆ ಬಂದ ಮೊದಲ ಸಂಶಯ ನಿಮಗೂ ಬಂದಿರಬೇಕು. ಕೆರೆಯೇ ಗಡ್ಡೆ ಕಟ್ಟಿದ ಮೇಲೆ ಮೀನು ಎಲ್ಲಿರುತ್ತದೆ?

ಇದರ ಉತ್ತರ ನೀರಿನ ಒಂದು ವಿಚಿತ್ರ ಗುಣದಲ್ಲಿದೆ. ಸಾಮಾನ್ಯವಾಗಿ ಯಾವ ವಸ್ತುವೇ ಆಗಲಿ, ತಣ್ಣಗಾದಷ್ಟೂ ಕುಗ್ಗುತ್ತದೆ. ನೀರೂ ಕುಗ್ಗುತ್ತದೆ, ಆದರೆ 4 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಿಗ್ಗತೊಡಗುತ್ತದೆ. ಅಂದರೆ 4 ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ. ಅದು ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ತಣ್ಣನೆಯ ನೀರು ಹಗುರವಾಗಿ ಮೇಲೆ ಉಳಿದು, ಸೊನ್ನೆ ಡಿಗ್ರಿಗೆ ಬಂದಾಗ ಗಡ್ಡೆಯಾಗುತ್ತದೆ. ಗಡ್ಡೆ ಇನ್ನೂ ಹಗುರ. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗಿದರೆ, ಅಷ್ಟೇ ಗಾತ್ರದ ಮಂಜುಗಡ್ಡೆ ಸುಮಾರು 917 ಗ್ರಾಂ ತೂಗುತ್ತದೆ. ಹಾಗಾಗಿ ಅದು ತೇಲುತ್ತದೆ.

ಹೀಗೆ ಕೆರೆ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ. ಮೇಲಿನ ಗಡ್ಡೆ ಮುಚ್ಚಳದಂತೆ ಕೂತು ಒಳಗಿನ ನೀರನ್ನು ಕಾಪಾಡುತ್ತದೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ತಳದ ನೀರು 4 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೀನುಗಳು ಅಲ್ಲಿ ನಿಧಾನವಾಗಿ ಓಡಾಡಿಕೊಂಡು, ಕಡಿಮೆ ತಿಂದುಕೊಂಡು, ವಸಂತ ಬರುವವರೆಗೆ ದಿನ ದೂಡುತ್ತವೆ. ಗಡ್ಡೆ ಮುಳುಗುವಂತಿದ್ದರೆ ಕೆರೆ ತಳದಿಂದಲೇ ಗಟ್ಟಿಯಾಗಿ, ಒಂದು ಮೀನೂ ಉಳಿಯುತ್ತಿರಲಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಸ್ಟೀಲ್ ಲೋಟದಲ್ಲಿ ಮುಕ್ಕಾಲು ಭಾಗ ನೀರು ಹಾಕಿ, ನೀರಿನ ಮಟ್ಟ ಗುರುತು ಮಾಡಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಗಡ್ಡೆ ಗುರುತಿಗಿಂತ ಮೇಲೆ ಬಂದಿರುತ್ತದೆ. ಗಾಜಿನ ಲೋಟ ಮಾತ್ರ ಬೇಡ, ಹಿಗ್ಗುವ ಗಡ್ಡೆ ಅದನ್ನು ಒಡೆದುಬಿಡುತ್ತದೆ.

ಹೊರಟೆವು, ವಾಪಸ್ ಬಂದೆವು

ಮಗಳ ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನವರೇ ಒಬ್ಬರಿದ್ದಾರೆ. ಐದಾರು ವರ್ಷದ ಹುಡುಗನಾಗಿದ್ದಾಗಿನಿಂದ ಅಪ್ಪನ ಜೊತೆ ಮಂಜಿನ ಮೇಲೆ ಕೂತು ಮೀನು ಹಿಡಿದವರು. ನಾನು ಮಲೆನಾಡಿನ ಹಳ್ಳದಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ ಗಾಳ ಹಾಕುತ್ತಿದ್ದವನೆಂದು ತಿಳಿದದ್ದೇ ಅವರ ಕಣ್ಣು ಅರಳಿತು. ‘ಹಾಗಾದರೆ ನೀವೂ ನಮ್ಮವರೇ. ಮಗುವನ್ನೂ ಕರೆದುಕೊಂಡು ಬನ್ನಿ’ ಎಂದರು. ಪುಟ್ಟಿಗೆ ಅಂದಿನಿಂದ ಬೇರೆ ಮಾತೇ ಇಲ್ಲ. ಹದಿನಾರು ವರ್ಷದೊಳಗಿನ ಅವಳಿಗೆ ಪರವಾನಗಿ ಬೇಕಿರಲಿಲ್ಲ. ಹೊರ ಊರಿನವನಾದ ನಾನು ಒಂದು ದಿನದ ಮೀನುಗಾರಿಕೆ ಪರವಾನಗಿ ಕೊಂಡೆ. ಶನಿವಾರ ಬೆಳಿಗ್ಗೆ ಮೂರು ಪದರ ಬಟ್ಟೆಯ ಮೇಲೆ ಕೋಟು ತೊಟ್ಟು, ಲೈಫ್ ಜಾಕೆಟ್‌ಗಳನ್ನು ಜೊತೆಗಿಟ್ಟುಕೊಂಡು ಹೊರಟೆವು.

ಕೆರೆ ದೊಡ್ಡದೇನಲ್ಲ. ಬೆಳ್ಳಗೆ, ನಯವಾಗಿ, ಗೋಡೆಗೆ ಸುಣ್ಣ ಬಳಿದಂತೆ ಮಲಗಿತ್ತು. ಕಾರಿನಿಂದ ಇಳಿದ ಮೇಲೆ ಮೂವರೂ ಲೈಫ್ ಜಾಕೆಟ್ ತೊಟ್ಟೆವು. ನೆರೆಮನೆಯವರು ತಮ್ಮ ಜಾರುಬಂಡಿಯಿಂದ ಮೊದಲು ತೆಗೆದದ್ದು ಗಾಳವಲ್ಲ, ನಮ್ಮ ಹಾರೆಯಂಥ ಉದ್ದನೆಯ ಕಬ್ಬಿಣದ ಸರಳು. ಒಂದೊಂದು ಹೆಜ್ಜೆಗೂ ಮುಂದಕ್ಕೆ ಅದನ್ನು ಕುಟ್ಟುತ್ತಾ ಅವರು ಮುಂದೆ, ಅವರ ಹೆಜ್ಜೆಯ ಮೇಲೇ ನಾವು ಹಿಂದೆ. ಸ್ವಲ್ಪ ದೂರಕ್ಕೊಮ್ಮೆ ನಿಂತು ಬೈರಿಗೆಯಿಂದ ತೂತು ಕೊರೆದು, ಕೊಕ್ಕೆಯಿರುವ ಅಳತೆಪಟ್ಟಿ ಇಳಿಸಿ ಗಡ್ಡೆಯ ದಪ್ಪ ನೋಡುತ್ತಿದ್ದರು. ದಡದ ಹತ್ತಿರ ಐದು ಇಂಚು. ಇನ್ನೂ ಮುಂದೆ ನಾಲ್ಕೂವರೆ. ಆಮೇಲೆ ನಾಲ್ಕು. ಮತ್ತೂ ಸ್ವಲ್ಪ ಮುಂದೆ ಮೂರು.

ಮೂರು ಎಂದ ತಕ್ಷಣ ಅವರು ಸರಳನ್ನು ಹೆಗಲಿಗಿಟ್ಟರು. ‘ಇವತ್ತು ಇಷ್ಟೇ. ಬಂದ ಹೆಜ್ಜೆಯಲ್ಲೇ ವಾಪಸ್.’

ಪುಟ್ಟಿಯ ಮುಖ ನೋಡಬೇಕಿತ್ತು. ಇನ್ನೂ ಆ ಕಡೆ, ಕೆರೆಯ ಮೇಲೆಯೇ, ಇಬ್ಬರು ಮೂವರು ಆರಾಮವಾಗಿ ಕೂತು ಮೀನು ಹಿಡಿಯುತ್ತಿದ್ದರು. ಅವಳು ಅವರ ಕಡೆ ಕೈ ತೋರಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ತಪ್ಪು ಆದದ್ದು ಇಲ್ಲಿಯೇ. ನಾನು ನೆರೆಮನೆಯವರಿಗೆ ಹೇಳಿದೆ: ‘ಒಂದೇ ಒಂದು ಇಂಚು ಕಡಿಮೆ. ಮಗು ಒಂದು ವಾರದಿಂದ ಕಾಯ್ತಾ ಇದೆ. ಇವಳ ತೂಕವಾದರೂ ಎಷ್ಟು? ಸ್ವಲ್ಪ ಹೊತ್ತು ಕೂತು ಬರೋಣ.’

ಅವರು ಕೋಪ ಮಾಡಿಕೊಳ್ಳಲಿಲ್ಲ. ‘ಮಗುವಿನ ಅಳು ಹತ್ತು ನಿಮಿಷದ್ದು’ ಎಂದಷ್ಟೇ ಹೇಳಿ ನಡೆಯತೊಡಗಿದರು. ಕಾರಿನಲ್ಲಿ ಕೂತ ಮೇಲೆ ಫ್ಲಾಸ್ಕಿನಿಂದ ಬಿಸಿ ಚಾಕೊಲೇಟ್ ಬಗ್ಗಿಸಿ ಪುಟ್ಟಿಯ ಕೈಗೆ ಕೊಟ್ಟರು. ಮೀನು ಹಿಡಿಯಲು ತಂದಿದ್ದ ಸಾಮಾನೆಲ್ಲ ಹಾಗೆಯೇ ಇತ್ತು.

ಮಾರನೆಯ ದಿನ ಪುಟ್ಟಿ ಬೇಲಿಯ ಹತ್ತಿರ ನಿಂತು ಅವರನ್ನು ಕೇಳಿಯೇಬಿಟ್ಟಳು. ‘ನಿನ್ನೆ ಅಲ್ಲಿ ಕೂತಿದ್ದವರಿಗೆ ಏನಾದರೂ ಆಯಿತಾ?’

‘ಇಲ್ಲ. ಮೀನು ಹಿಡಿದು ಮನೆಗೆ ಹೋದರು.’

‘ಹಾಗಾದರೆ ನಾವೂ ಹೋಗಬಹುದಿತ್ತು!’

ಬಹಳ ಒಳ್ಳೆಯ ಪ್ರಶ್ನೆ ಅಲ್ಲವೇ? ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ‘ಅವರು ಬಚಾವಾದದ್ದು ನಿಜ. ಅದರಿಂದ ಗಡ್ಡೆ ಗಟ್ಟಿಯಿತ್ತು ಎಂದಾಗುವುದಿಲ್ಲ. ಅವರು ಕೂತ ಜಾಗದಲ್ಲಿ ಆರು ಇಂಚು ಇದ್ದಿರಬಹುದು, ಎರಡೇ ಇದ್ದಿರಬಹುದು. ನಾನು ಅಳೆದದ್ದು ನನ್ನ ಕಾಲ ಕೆಳಗಿನದನ್ನು. ಅದು ಮೂರು ಇತ್ತು. ನನಗೆ ಗೊತ್ತಿರುವುದು ಅಷ್ಟೇ, ಹಾಗಾಗಿ ಅದರ ಪ್ರಕಾರ ನಡೆದೆ.’

ಎಷ್ಟು ದಪ್ಪ ಇರಬೇಕು?

ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಇದಕ್ಕೊಂದು ಲೆಕ್ಕ ಕೊಟ್ಟಿದೆ. ಹೊಸದಾದ, ಪಾರದರ್ಶಕವಾದ, ಗಟ್ಟಿ ಗಡ್ಡೆ ಕನಿಷ್ಠ 4 ಇಂಚು ಇದ್ದರೆ ನಡೆದು ಹೋಗಬಹುದು. ಅದಕ್ಕಿಂತ ಕಡಿಮೆಯಿದ್ದರೆ ಕಾಲಿಡಬಾರದು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಬಂಡಿಗೆ 5ರಿಂದ 7 ಇಂಚು ಬೇಕು. ಕಾರು, ಟ್ರಕ್ಕುಗಳಿಗೆ ಇನ್ನೂ ಬಹಳ ಹೆಚ್ಚು. ಅಲ್ಲಿನ ಜನ ಕಾರನ್ನೂ ಕೆರೆಯ ಮೇಲೆ ಓಡಿಸುತ್ತಾರೆ!

ಬಿಳಿ ಗಡ್ಡೆಯ ಲೆಕ್ಕ ಬೇರೆ. ಹಿಮ ಬಿದ್ದು, ನೀರಿನಲ್ಲಿ ನೆನೆದು, ಮತ್ತೆ ಹೆಪ್ಪುಗಟ್ಟಿದರೆ ಅದರೊಳಗೆ ಗಾಳಿಯ ಗುಳ್ಳೆಗಳು ಸೇರಿಕೊಂಡು ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಅದಕ್ಕೆ ಪಾರದರ್ಶಕ ಗಡ್ಡೆಯ ಸುಮಾರು ಅರ್ಧದಷ್ಟೇ ಬಲ. ಆದ್ದರಿಂದ ಬಿಳಿಯದಾದರೆ ಲೆಕ್ಕ ಎರಡರಷ್ಟು. ಬೂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ, ಅದರ ಹತ್ತಿರವೂ ಸುಳಿಯಬಾರದು.

ಇಷ್ಟೆಲ್ಲ ಹೇಳಿ ಅದೇ ಇಲಾಖೆ, ಯಾವ ಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವಲ್ಲ ಎಂದೂ ಎಚ್ಚರಿಸುತ್ತದೆ. ಏಕೆಂದರೆ ಒಂದೇ ಕೆರೆಯ ಗಡ್ಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ತಳದಲ್ಲಿ ಒರತೆಯಿದ್ದಲ್ಲಿ, ತೊರೆ ಬಂದು ಸೇರುವಲ್ಲಿ, ಸೇತುವೆಯ ಕೆಳಗೆ, ಜೊಂಡು ಬೆಳೆದಲ್ಲಿ ತೆಳುವಾಗಿರುತ್ತದೆ. ಇನ್ನೊಂದು ಮೋಸ ಹಿಮದ್ದು. ಹಿಮ ತಣ್ಣಗಿದೆ, ಅದು ಬಿದ್ದರೆ ಕೆರೆ ಬೇಗ ಗಟ್ಟಿಯಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆಗುವುದು ತದ್ವಿರುದ್ಧ. ಹಿಮ ಕಂಬಳಿಯಂತೆ ಹೊದ್ದುಕೊಂಡು ಹೊರಗಿನ ಚಳಿ ಗಡ್ಡೆಗೆ ತಾಗದಂತೆ ತಡೆಯುತ್ತದೆ. ಗಡ್ಡೆ ಬೆಳೆಯುವುದು ನಿಧಾನವಾಗುತ್ತದೆ. ಜೊತೆಗೆ ತೆಳುವಾದ ಜಾಗ, ಬಿರುಕು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ದೊಡ್ಡ ಸರೋವರಗಳಲ್ಲಿ ಗಾಳಿಯದೂ ಭಯ. ಮಿನೆಸೋಟದ ಉತ್ತರಕ್ಕೆ ಅಪ್ಪರ್ ರೆಡ್ ಲೇಕ್ ಎಂಬ ಸರೋವರವಿದೆ. 2022ರ ನವೆಂಬರ್ 28ರಂದು ಅಲ್ಲಿ ಜನ ಮೀನು ಹಿಡಿಯುತ್ತಿದ್ದಾಗ ದೊಡ್ಡ ಗಡ್ಡೆಯ ಹಾಳೆಯೇ ದಡದಿಂದ ಕಳಚಿಕೊಂಡಿತು. ಸುಮಾರು 200 ಮಂದಿ ಅದರ ಮೇಲೆ ಸಿಕ್ಕಿಬಿದ್ದರು. ರಕ್ಷಣಾ ತಂಡದವರು ಎಲ್ಲರನ್ನೂ ದಡ ಸೇರಿಸಿದರು. ಮರುವರ್ಷ, 2023ರ ಡಿಸೆಂಬರ್ ಕೊನೆಯಲ್ಲಿ, ಅದೇ ಸರೋವರದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ಅದೇ ರೀತಿ ಸಿಕ್ಕಿಬಿದ್ದು ಪಾರಾದರು. 2009ರ ಫೆಬ್ರುವರಿಯಲ್ಲಿ ಒಹಾಯೋ ರಾಜ್ಯದ ಅಂಚಿನ ಈರಿ ಸರೋವರದಲ್ಲಿ ಗಡ್ಡೆ ಬೇರ್ಪಟ್ಟಾಗ ನೂರಕ್ಕೂ ಹೆಚ್ಚು ಜನರನ್ನು ಕಾಪಾಡಿದರು, ಒಬ್ಬರು ಉಳಿಯಲಿಲ್ಲ. ಇವರಲ್ಲಿ ಎಷ್ಟೋ ಮಂದಿ ಪಳಗಿದವರೇ ಇದ್ದಿರಬೇಕು.

ನೀರಿಗೆ ಬಿದ್ದರೆ?

ಬೀಳಬಾರದು. ಬಿದ್ದರೆ ಏನು ಮಾಡಬೇಕೆಂದು ಮಾತ್ರ ಮೊದಲೇ ಗೊತ್ತಿರಬೇಕು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರಿದ್ದಾರೆ. ತಣ್ಣೀರಿನಲ್ಲಿ ಮನುಷ್ಯನ ದೇಹಕ್ಕೆ ಏನಾಗುತ್ತದೆ ಎಂದು ತಿಳಿಯಲು ತಾವೇ ಹಲವು ಬಾರಿ ಮಂಜಿನ ನೀರಿಗೆ ಇಳಿದವರು! ಅವರು ಹೇಳಿಕೊಡುವ ಸೂತ್ರ ‘1-10-1’.

ಮೊದಲ 1 ಅಂದರೆ ಒಂದು ನಿಮಿಷ. ತಣ್ಣೀರು ತಾಗಿದ ಕೂಡಲೇ ಉಸಿರು ಏದುಸಿರಾಗುತ್ತದೆ. ಆ ಒಂದು ನಿಮಿಷ ಗಾಬರಿಯಾಗದೆ, ಮುಖ ನೀರಿನ ಮೇಲಿಟ್ಟುಕೊಂಡು ಉಸಿರನ್ನು ಹತೋಟಿಗೆ ತರಬೇಕು. ಮುಂದಿನ 10 ಅಂದರೆ ಹತ್ತು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು ಅಷ್ಟು ಹೊತ್ತು, ಮೇಲೆ ಬರುವ ಪ್ರಯತ್ನವನ್ನು ಅಷ್ಟರಲ್ಲಿ ಮಾಡಬೇಕು. ಕೊನೆಯ 1 ಅಂದರೆ ಒಂದು ಗಂಟೆ. ದೇಹದ ಶಾಖವೆಲ್ಲ ಇಳಿದು ಪ್ರಜ್ಞೆ ತಪ್ಪಲು ಸುಮಾರು ಅಷ್ಟು ಸಮಯ ಹಿಡಿಯುತ್ತದೆ. ಅಂದರೆ, ಬಿದ್ದ ಕೂಡಲೇ ಮುಗಿದೇಹೋಯಿತು ಎಂದು ಕೈಚೆಲ್ಲಬೇಕಾಗಿಲ್ಲ, ಸಮಯವಿದೆ. ಆ ಸಮಯದಲ್ಲಿ ತಲೆಯನ್ನು ನೀರಿನ ಮೇಲಿಡಲು ಲೈಫ್ ಜಾಕೆಟ್ ಮೈಮೇಲಿರಬೇಕು ಅಷ್ಟೇ.

ನೆರೆಮನೆಯವರು ಇದನ್ನು ಮಗಳ ಮನೆಯ ನಡುಮನೆಯ ಕಾರ್ಪೆಟ್ಟಿನ ಮೇಲೆ ನಮಗೆ ಅಭ್ಯಾಸ ಮಾಡಿಸಿದರು. ಬಂದ ದಿಕ್ಕಿಗೇ ತಿರುಗಬೇಕು, ಏಕೆಂದರೆ ನಿಮ್ಮನ್ನು ಅಲ್ಲಿಯವರೆಗೆ ಹೊತ್ತ ಗಡ್ಡೆ ಆ ಕಡೆಯಿದೆ. ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಎರಡು ಚೂಪು ಮೊಳೆಗಳಿರುತ್ತವೆ, ಹಿಡಿದುಕೊಳ್ಳಲು ಹಿಡಿಯೂ ಇರುತ್ತದೆ. ಅವುಗಳನ್ನು ಗಡ್ಡೆಗೆ ಚುಚ್ಚಿ, ಈಜುವವರಂತೆ ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಜಾರಿಕೊಂಡು ಮೇಲೆ ಬರಬೇಕು. ಬಂದ ಮೇಲೆ ಎದ್ದು ನಿಲ್ಲಬಾರದು! ನಿಂತರೆ ಭಾರವೆಲ್ಲ ಎರಡು ಪಾದಗಳ ಮೇಲೆ ಬಿದ್ದು ಮತ್ತೆ ಒಡೆಯುತ್ತದೆ. ಮಲಗಿದಂತೆಯೇ ಉರುಳಿಕೊಂಡು ದೂರ ಹೋಗಬೇಕು. ಪುಟ್ಟಿ ಎರಡು ಪೆನ್ಸಿಲ್ ಹಿಡಿದು ಸೋಫಾದಿಂದ ಅಡುಗೆಮನೆಯವರೆಗೆ ಉರುಳಿದಳು. ನಾನೂ ಉರುಳಿದೆ. ಮಗಳು ಬಾಗಿಲಲ್ಲಿ ನಿಂತು ನಗುತ್ತಲೇ ಇದ್ದಳು.

ಕೊನೆಗೂ ಗಾಳ ಹಾಕಿದೆವು

ಜನವರಿಯ ನಡುಭಾಗದಲ್ಲಿ ಅವರು ಮತ್ತೆ ಬಂದು ಬಾಗಿಲು ತಟ್ಟಿದರು. ಎರಡು ವಾರ ಬಿಡದೆ ಕೊರೆಯುವ ಚಳಿಯಿತ್ತು. ನಾನು ಮತ್ತೊಂದು ಪರವಾನಗಿ ಕೊಂಡೆ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ ಹೊರಟೆವು. ಈ ಸಲವೂ ಮೊದಲು ಹೊರಬಂದದ್ದು ಅದೇ ಸರಳು. ಅಳತೆಪಟ್ಟಿ ನೋಡುವ ಕೆಲಸ ಪುಟ್ಟಿಯದಾಯಿತು. ‘ಹನ್ನೆರಡು!’ ‘ಹದಿಮೂರು!’ ಎಂದು ಕೂಗುತ್ತಾ ಬಂದಳು.

ನಡುವೆ ಒಮ್ಮೆ ಕೆರೆಯೊಳಗಿಂದ ಗುಡುಗಿನಂಥ ಸದ್ದು ಬಂತು. ಕೆಳಗಿಂದ ಯಾರೋ ದೊಡ್ಡ ತಗಡು ಬಡಿದಂತೆ. ನಾನು ಪುಟ್ಟಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಚಳಿ ಏರಿಳಿದಂತೆ ಗಡ್ಡೆ ಹಿಗ್ಗಿ ಕುಗ್ಗಿ ಹೀಗೆ ಕೂಗುತ್ತದೆಯಂತೆ, ದಪ್ಪ ಗಡ್ಡೆಯೂ ಕೂಗುತ್ತದೆಯಂತೆ. ‘ಸದ್ದು ಕೇಳಿ ಹೆದರಬೇಡ, ಸದ್ದಿಲ್ಲವೆಂದು ನಂಬಲೂಬೇಡ. ಅಳತೆಯನ್ನು ನಂಬು’ ಎಂದರು ನೆರೆಮನೆಯವರು.

ಬೈರಿಗೆ ತಿರುಗಿಸಿ ಊಟದ ತಟ್ಟೆಗಿಂತ ಚಿಕ್ಕದಾದ ತೂತು ಕೊರೆದೆವು. ತೂತಿನಲ್ಲಿ ತೇಲುವ ಮಂಜಿನ ಚೂರುಗಳನ್ನು ತೆಗೆಯಲು ಒಂದು ಸೌಟು ಕೊಟ್ಟರು. ನೋಡಿದರೆ ಥೇಟ್ ನಮ್ಮ ಬೋಂಡ ಕರಿಯುವ ಜಾಲರಿ ಸೌಟು! ಗಾಳದ ಕೋಲು ಎರಡು ಅಡಿಯಷ್ಟೇ ಉದ್ದ, ಆಟದ ಸಾಮಾನಿನಂತೆ. ತೂತು ಕಾಲ ಬುಡದಲ್ಲೇ ಇರುವಾಗ ಉದ್ದನೆಯದು ಯಾಕೆ ಬೇಕು? ಚಿಕ್ಕ ಕೊಕ್ಕೆಗೆ ಹುಳು ಸಿಕ್ಕಿಸಿ ಇಳಿಬಿಟ್ಟು ಕೂತೆವು.

ಇನ್ನು ಕಾಯುವುದು. ಇದರಲ್ಲಿ ಏನು ಸುಖ ಎಂದು ನೀವು ಕೇಳಬಹುದು. ಮೂಗು ಮರಗಟ್ಟುವ ಚಳಿ, ಸುತ್ತ ಬಿಳಿಯ ಬಯಲು, ಮಾತಿಲ್ಲ ಕಥೆಯಿಲ್ಲ. ಆದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕಣ್ಣು, ಕಿವಿ ಎಲ್ಲ ಆ ತೂತಿಗೇ ಇಳಿದುಬಿಡುತ್ತವೆ. ಚಳಿಗಾಲದ ಮೀನು ಗಬಕ್ಕನೆ ಕಚ್ಚುವುದಿಲ್ಲ, ಮೆತ್ತಗೆ ಮೂತಿ ತಾಗಿಸಿ ನೋಡುತ್ತದೆ. ದಾರದ ತುದಿ ಕೂದಲೆಳೆಯಷ್ಟು ನಡುಗಿದರೂ ಗಮನಿಸಬೇಕು. ಆಟದ ಮೊಬೈಲನ್ನು ಐದು ನಿಮಿಷ ಕೆಳಗಿಡದ ನಮ್ಮ ಪುಟ್ಟಿ ಮುಕ್ಕಾಲು ಗಂಟೆ ಅಲ್ಲಾಡದೆ ಕೂತಳು. ಅವಳು ಇಸ್ಕೂಲಿನ ಗೆಳತಿಯ ಮೇಲಿನ ಮುನಿಸನ್ನು ನನಗೆ ಹೇಳಿದ್ದು ಅಲ್ಲಿಯೇ. ನನ್ನ ಅಪ್ಪ ಹೇಗಿದ್ದರೆಂದು ಅವಳು ಮೊದಲ ಸಲ ಕೇಳಿದ್ದೂ ಅಲ್ಲಿಯೇ. ಮನೆಯಲ್ಲಿ ಎದುರುಬದುರು ಕೂತಾಗ ಬಾರದ ಮಾತು, ಇಬ್ಬರೂ ಒಂದು ತೂತನ್ನು ನೋಡುತ್ತಾ ಕೂತಾಗ ತಾನಾಗಿ ಬಂತು.

ಆಗ ಅವಳ ದಾರ ನಡುಗಿತು. ‘ತಾತಾ!’ ಎಂದು ಕಿರುಚಿ ಎಳೆದಳು. ಅಂಗೈಯಗಲದ ಮೀನು, ಹೊಟ್ಟೆಯ ಬಳಿ ಕಿತ್ತಳೆ ಬಣ್ಣ. ಸನ್‌ಫಿಶ್ ಜಾತಿಯದಂತೆ. ಅವಳು ಅದನ್ನು ಬಿಟ್ಟುಬಿಡೋಣ ಎಂದಳು. ಬಿಡುವುದಾದರೆ ಬೇಗ ಬಿಡಬೇಕು, ಆ ಚಳಿಗಾಳಿಯಲ್ಲಿ ಮೀನಿನ ಕಣ್ಣು, ಕಿವಿರು ಬಹಳ ಬೇಗ ಹೆಪ್ಪುಗಟ್ಟುತ್ತವೆ. ಫೋಟೊ ತೆಗೆಯಲು ನಾನು ಕೈಗವಸು ಕಳಚುವಷ್ಟರಲ್ಲಿ ಮೀನು ನೀರು ಸೇರಿತ್ತು. ನನಗೂ ಎರಡು ಸಿಕ್ಕವು. ನೆರೆಮನೆಯವರಿಗೆ ಆರು. ಅವರು ಮನೆಗೆ ಒಯ್ದು ಹುರಿದರು.

ಮಧ್ಯಾಹ್ನ ಅವರ ಪರಿಚಯದವರ ಮೀನುಮನೆಗೆ ಹೋದೆವು. ಗಡ್ಡೆಯ ಮೇಲೆ ನಿಲ್ಲಿಸುವ ಪುಟ್ಟ ಮರದ ಕೋಣೆ ಅದು, ನೆಲದಲ್ಲೇ ತೂತುಗಳಿರುತ್ತವೆ. ಇದಕ್ಕೆ ಹೆಸರಾದ ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಸರೋವರದ ಮೇಲೆ ಚಳಿಗಾಲದಲ್ಲಿ ಇಂಥ ಮನೆಗಳ ಊರೇ ಏಳುತ್ತದೆ, ಹಿಮ ಸರಿಸಿ ರಸ್ತೆ ಮಾಡುತ್ತಾರೆ. ಮಾರ್ಚ್ ತಿಂಗಳಲ್ಲಿ ಗಡುವಿನೊಳಗೆ ಎಲ್ಲವನ್ನೂ ತೆಗೆಯಬೇಕೆಂದು ಕಾನೂನಿದೆ. ಒಳಗೆ ಗ್ಯಾಸ್ ಹೀಟರ್ ಉರಿಯುತ್ತಿತ್ತು. ನಾನು ಬಾಗಿಲ ಸಂದು ಮುಚ್ಚಲು ಹೋದಾಗ ತಡೆದರು. ಮುಚ್ಚಿದ ಕೋಣೆಯಲ್ಲಿ ಉರಿಯಿದ್ದರೆ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತಾಗಿ ಪ್ರಾಣವೇ ಹೋಗಬಹುದು. ಗಾಳಿ ಆಡಲು ಕಿಂಡಿ ಬಿಟ್ಟಿದ್ದರು, ಗೋಡೆಯಲ್ಲಿ ಎಚ್ಚರಿಕೆಯ ಗಂಟೆಯೂ ಇತ್ತು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಾಕುವವರು, ಚಳಿಗೆ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗುವವರು ನಮ್ಮಲ್ಲೂ ಇದನ್ನು ನೆನಪಿಡಬೇಕು.

ಇದೆಲ್ಲ ಇತ್ತೀಚಿನ ಮೋಜೂ ಅಲ್ಲ. ಆ ನಾಡಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಬಹು ಹಿಂದಿನಿಂದ ಚಳಿಗಾಲದಲ್ಲಿ ಹೀಗೇ ಹೊಟ್ಟೆ ಹೊರೆದವರು. ಗಡ್ಡೆಯಲ್ಲಿ ತೂತು ಮಾಡಿ, ಬೆಳಕು ಬೀಳದಂತೆ ಮುಚ್ಚಿಕೊಂಡು, ಮರದಲ್ಲಿ ಕೆತ್ತಿದ ಮೀನನ್ನು ನೀರಿನಲ್ಲಿ ಆಡಿಸಿ, ಹತ್ತಿರ ಬಂದ ದೊಡ್ಡ ಮೀನನ್ನು ಈಟಿಯಿಂದ ಚುಚ್ಚುತ್ತಿದ್ದರು. ದಕ್ಷಿಣ ಕೊರಿಯಾದ ಹ್ವಾಚೆಯಾನ್ ಎಂಬಲ್ಲಿ 2003ರಿಂದ ಇದರದ್ದೇ ಜಾತ್ರೆ ನಡೆಯುತ್ತಿದೆ, ಲಕ್ಷಾಂತರ ಜನ ಸೇರುತ್ತಾರೆ.

ನಮಗೇನು ಇದರಿಂದ?

‘ನಮ್ಮ ಕೆರೆ ಹೆಪ್ಪುಗಟ್ಟುವುದಿಲ್ಲವಲ್ಲ ತಾತ’ ಎನ್ನುತ್ತೀರಾ? ನಿಜ. ಆದರೆ ರಜೆಯಲ್ಲಿ ಕಾಶ್ಮೀರ, ಲಡಾಖ್ ಕಡೆ ಪ್ರವಾಸ ಹೋಗುವ ಮನೆಗಳು ನಮ್ಮಲ್ಲಿ ಈಗ ಬಹಳ. ಅಲ್ಲಿ ಹೆಪ್ಪುಗಟ್ಟಿದ ಸರೋವರ ಕಂಡರೆ ಒಂದು ಫೋಟೊಗಾಗಿ ಕಾಲಿಡುವ ಆಸೆ ಆಗಿಯೇ ಆಗುತ್ತದೆ. ಅಳತೆ ಮಾಡಿ ಬಲ್ಲ ಸ್ಥಳೀಯರು ಹೇಳದೆ ಇಳಿಯಬೇಡಿ. ‘ಅವರೆಲ್ಲ ನಿಂತಿದ್ದಾರಲ್ಲ’ ಎಂಬುದು ಅಳತೆಯಲ್ಲ.

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ, ಮಂಜಿನ ಕೆರೆಯಾಗಲಿ, ನಮ್ಮೂರ ಕೆರೆಯಾಗಲಿ, ಕಲ್ಲು ಕ್ವಾರಿಯ ಹೊಂಡವಾಗಲಿ, ನೀವು ಹಿಂದೆಯೇ ಇಳಿಯಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಮುಳುಗಿದ ಸುದ್ದಿ ಓದುತ್ತಲೇ ಇರುತ್ತೇವೆ. ಜೋರಾಗಿ ಕೂಗಿ ದೊಡ್ಡವರನ್ನು ಕರೆಯಿರಿ. ದಡದಲ್ಲಿ ಮಲಗಿಕೊಂಡು ಕೋಲು ಚಾಚಿ. ಕೋಲು ಎಟುಕದಿದ್ದರೆ ಹಗ್ಗ, ಸೀರೆ, ಮುಚ್ಚಳ ಬಿಗಿದ ಖಾಲಿ ಕೊಡ ಏನಾದರೂ ಎಸೆಯಿರಿ. 112ಕ್ಕೆ ಫೋನ್ ಮಾಡಿಸಿ.

ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಮೊಮ್ಮಕ್ಕಳ ಕಣ್ಣಲ್ಲಿ ನೀರು ಕಂಡರೆ ನಮಗೆ ತಡೆಯುವುದಿಲ್ಲ. ‘ಒಂದು ಇಂಚು ತಾನೆ’ ಎನ್ನುತ್ತೇವೆ. ‘ಹೆಲ್ಮೆಟ್ ಬೇಡ, ಇಲ್ಲೇ ಹತ್ತಿರ ತಾನೆ’ ಎನ್ನುತ್ತೇವೆ. ‘ಹಳ್ಳದಲ್ಲಿ ನೀರು ಮೊಣಕಾಲಿಗೆ ತಾನೆ’ ಎನ್ನುತ್ತೇವೆ. ಅಂದು ನಾನು ಹಾಗೆಯೇ ಅಂದೆ. ನನ್ನ ಮಾತು ಕೇಳಿ ಅವರು ಮುಂದೆ ಹೋಗಿದ್ದರೆ ಏನೂ ಆಗದೆಯೂ ಇರಬಹುದಿತ್ತು. ಆಗ ಪುಟ್ಟಿ ಒಂದು ಪಾಠ ಕಲಿಯುತ್ತಿದ್ದಳು, ಅತ್ತರೆ ಅಳತೆ ಬದಲಾಗುತ್ತದೆ ಎಂದು. ಆ ಪಾಠ ಯಾವ ಮಗುವಿಗೂ ಬೇಡ.

ನಾನು ಊರಿಗೆ ಹೊರಡುವ ಹಿಂದಿನ ದಿನ ಪುಟ್ಟಿ ತನ್ನ ನೋಟ್‌ಬುಕ್ಕು ತೋರಿಸಿದಳು. ಜನವರಿಯ ಆ ದಿನದ ಪುಟದಲ್ಲಿ ‘13 ಇಂಚು, ಒಂದು ಮೀನು, ಬಿಟ್ಟೆ’ ಎಂದು ಬರೆದಿದ್ದಳು. ಡಿಸೆಂಬರಿನ ಪುಟದಲ್ಲಿ ‘3 ಇಂಚು, ವಾಪಸ್’ ಎಂದಿತ್ತು. ಎರಡರ ಪಕ್ಕದಲ್ಲೂ ಒಂದೊಂದು ನಕ್ಷತ್ರ ಅಂಟಿಸಿದ್ದಳು.

ಫ್ರೀಜರಿನ ಲೋಟದ ಪ್ರಯೋಗ ಮಾಡುತ್ತೀರಲ್ಲ? ಗಡ್ಡೆ ಗುರುತಿಗಿಂತ ಎಷ್ಟು ಮೇಲೆ ಬಂತೆಂದು ಅಳೆದು ನನಗೆ ಬರೆಯಿರಿ. ಮುಂದಿನ ವಾರ ಸಿಗೋಣ.